ಕುರಾತಾ-ಸಾನ್ ಅವರ ಒಂಬತ್ತು ಪಂದ್ಯಗಳು

ಮೊನ್ನೆ ನೆಗಡಿ ಹಿಡಿದು, ಬಿಸಿನೀರಿನ ಪಾತ್ರೆಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದೆ. ಮೈಸೂರಿನಲ್ಲಿ ಬೆಳೆದವರಿಗೆ ಈ ವಾಸನೆ ಬಂದರೆ ಊಟಿಯ ಪ್ರವಾಸ ನೆನಪಾಗಬೇಕು. ನನಗೆ ನೆನಪಾಗುವುದು ಅರವತ್ತೊಂದು ವರ್ಷದ ಒಬ್ಬ ಜಪಾನೀಯರ ಎಡ ಮಂಡಿ. ಟವೆಲ್ಲಿನೊಳಗೆ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದಾಗ ನನ್ನ ಗಂಡ ರಘು ನೋಡಿದ. ಎಣ್ಣೆಯ ಘಾಟು ಎಂದೆ. ಅವನು ನಂಬಲಿಲ್ಲ, ಹೆಚ್ಚಿಗೆ ಕೇಳಲೂ ಇಲ್ಲ. ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಮಾತಿಲ್ಲ.

ಆಗ ನಾವು ಜಪಾನಿನ ಕಾವಾಸಾಕಿಗೆ ಬಂದು ಮೂರು ತಿಂಗಳಾಗಿತ್ತು. ರಘುವಿಗೆ ಕಂಪನಿ ಪೋಸ್ಟಿಂಗ್ ಕೊಟ್ಟಿತ್ತು, ನನಗೆ ವೀಸಾದಲ್ಲಿ 'ಅವಲಂಬಿತೆ' ಎಂಬ ಪದವಿ. ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು. ಬೇರೆಯವರು ಕಷ್ಟಪಟ್ಟು ಕಟ್ಟಿದ್ದರಲ್ಲಿ ತಪ್ಪು ಹುಡುಕಿ, ಅದಕ್ಕೊಂದು ನಂಬರು ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಹಾಕುವುದು ನನ್ನ ಕಸುಬು. ಚೆನ್ನಾಗಿಯೇ ಮಾಡುತ್ತಿದ್ದೆ. ಇಲ್ಲಿ ಬಂದ ಮೇಲೆ ಹುಡುಕುವುದಕ್ಕೆ ಅನ್ನದಲ್ಲಿ ಕಲ್ಲು ಕೂಡ ಇರಲಿಲ್ಲ. ಇಡೀ ದಿನದಲ್ಲಿ ನನ್ನೊಡನೆ ಮಾತಾಡುತ್ತಿದ್ದುದು ಕೆಳಗಿನ ಕೊಂಬಿನಿ ಅಂಗಡಿಯ ಹುಡುಗಿ ಒಬ್ಬಳೇ. ಅವಳು ಕೇಳುತ್ತಿದ್ದುದೂ ಒಂದೇ, ಚೀಲ ಬೇಕಾ ಎಂದು.

ರಘುವಿನ ಆಫೀಸಿಗೆ ಕೆಲಸ ಕೊಟ್ಟ ಕಾರ್ಖಾನೆಯ ಕಡೆಯವರು ಕುರಾತಾ-ಸಾನ್; ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಹಳೆಯ ಯಂತ್ರಗಳ ಲೆಕ್ಕಾಚಾರವೆಲ್ಲ ಅವರ ತಲೆಯಲ್ಲಿತ್ತು. ನಿವೃತ್ತಿಗೆ ಒಂದು ವರ್ಷ ಬಾಕಿ. ರಘು ಊಟದ ಹೊತ್ತಿನಲ್ಲಿ ಒಬ್ಬನೇ ಕೂರುವುದನ್ನು ನೋಡಿ, ಭಾನುವಾರ ನದಿ ದಂಡೆಗೆ ಬನ್ನಿ, ಫುಟ್‌ಬಾಲ್ ಆಡೋಣ ಎಂದು ಕರೆದಿದ್ದರಂತೆ. ಏಪ್ರಿಲ್ ತಿಂಗಳು. ತಮಾ ನದಿಯ ದಂಡೆಯಲ್ಲಿ ಚೆರ್ರಿ ಹೂವೆಲ್ಲ ಉದುರಿ ಕೆಸರಾಗಿತ್ತು. ಹೋಗಿ ನೋಡಿದರೆ ಚೆಂಡು ಗುಂಡಗಿರಲಿಲ್ಲ, ಉದ್ದಕ್ಕಿತ್ತು. ಗೋಲಿಗೆ ಎರಡು ಕಂಬವಲ್ಲ, ನಾಲ್ಕು. ಮೈದಾನವೋ, ಎರಡು ಬೇಸ್‌ಬಾಲ್ ಅಂಗಳಗಳನ್ನು ಸೇರಿಸಿ ಸುಣ್ಣದಿಂದ ಮೊಟ್ಟೆಯಾಕಾರದ ಗೆರೆ ಎಳೆದದ್ದು.

"ಇದು ಯಾವ್ ಆಟನೋ?" ಎಂದೆ.

"ಆಸ್ಟ್ರೇಲಿಯನ್ ರೂಲ್ಸ್ ಅಂತೆ. ಒದೀಬೋದು, ಹಿಡೀಬೋದು, ಗುದ್ದಬೋದು," ಎಂದ ರಘು. "ರೂಲ್ಸ್ ಅಂತ ಹೆಸರಷ್ಟೇ."

ಕುರಾತಾ-ಸಾನ್ ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕೂತು ಎಡ ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಗಾಳಿ ನನ್ನ ಕಡೆ ತಿರುಗಿತು. "ನೀಲಗಿರಿ!" ಎಂದು ಕೂಗಿಯೇ ಬಿಟ್ಟೆ. ಮೂರು ತಿಂಗಳಲ್ಲಿ ನಾನು ಮನೆಯ ಹೊರಗೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಮ್ಮ ಕಡೆ ರಸ್ತೆಯುದ್ದಕ್ಕೂ ಈ ಮರವಿದೆ, ನೆಗಡಿಗೆ ಇದೇ ಎಣ್ಣೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ತುಂಬ ಗಂಭೀರವಾಗಿ ಕೇಳಿಸಿಕೊಂಡು, ಬಾಟಲಿಯ ಮುಚ್ಚಳ ಹಾಕಿ, "ಹಾಗಾದರೆ ನೀವು ಹೊರಗಿನವರಲ್ಲ," ಎಂದರು. ನನಗೊಂದು ಬಿಳಿ ಕೋಟು, ಎರಡು ಬಿಳಿ ಬಾವುಟ ಕೊಟ್ಟು ಗೋಲಿನ ಹಿಂದೆ ನಿಲ್ಲಿಸಿದರು. ನಡುವಿನ ಎರಡು ಕಂಬದ ಒಳಗೆ ಹೋದರೆ ಆರು ಅಂಕ, ಎರಡು ಬಾವುಟ ಬೀಸಬೇಕು. ಬದಿಗೆ ಹೋದರೆ ಒಂದು ಅಂಕ, ಒಂದೇ ಬಾವುಟ. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಕೆಲಸ. ನನಗೆ ಹೇಳಿ ಮಾಡಿಸಿದ್ದು ಅನ್ನಿಸಿತು.

ಅರವತ್ತೊಂದರ ಆ ಮನುಷ್ಯ ಓಡುತ್ತಿರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಗೆ ಮೊದಲೇ ಹೋಗಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಿದ್ದರು. ಇಪ್ಪತ್ತೈದರ ಹುಡುಗರು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಚೆಂಡು ಅವರ ಎದೆಯಲ್ಲಿರುತ್ತಿತ್ತು.

ಅವರ ಬದುಕಿನ ಕಥೆ ನನಗೆ ಆಟದ ಬಿಡುವುಗಳಲ್ಲಿ ತುಂಡುತುಂಡಾಗಿ ಸಿಕ್ಕಿತು. ಊರು ಒಕಾಜಾಕಿ, ಅಪ್ಪ ಕಲ್ಲಿನ ದೀಪಗಳನ್ನು ಕೆತ್ತುವವರು. ಮಗ ಉಳಿ ಹಿಡಿಯಲಿಲ್ಲ. ಇಪ್ಪತ್ತೊಂದರಲ್ಲಿ ಒಂದು ವರ್ಷಕ್ಕೆಂದು ಮೆಲ್ಬರ್ನ್‌ಗೆ ಹೋಗಿ ಹೋಟೆಲಿನಲ್ಲಿ ಪಾತ್ರೆ ತೊಳೆದರು. ಒಂದು ಶನಿವಾರ ಅಡುಗೆಯವರು ಪಾಪ ಎಂದು ಆಟ ನೋಡಲು ಕರೆದೊಯ್ದರಂತೆ. ಮಳೆ ಸುರಿಯುತ್ತಿತ್ತು, ಯಾರೂ ಎದ್ದು ಹೋಗಲಿಲ್ಲ. "ನಾನೂ ಎದ್ದು ಬರಲಿಲ್ಲ," ಎನ್ನುತ್ತಿದ್ದರು, ಇನ್ನೂ ಅಲ್ಲೇ ಕೂತಿರುವವರ ಹಾಗೆ. ವಾಪಸು ಬರುವಾಗ ತಂದದ್ದು ಒಂದು ಚೆಂಡು, ಒಂದು ಬಾಟಲಿ ನೀಲಗಿರಿ ಎಣ್ಣೆ.

ಆಗ ಈ ಆಟದ ಹೆಸರು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳು ಜನರನ್ನು ಕೂಡಿಹಾಕಿದರು: ಇಬ್ಬರು ಅಡುಗೆಯವರು, ಒಬ್ಬ ದಂತವೈದ್ಯ, ಒಬ್ಬ ಅಂಚೆಯವನು, ಇನ್ನಿಬ್ಬರು ಕಾರ್ಖಾನೆಯವರು, ಮತ್ತೆ ತಾವು. ಕಂಬಕ್ಕೆ ದುಡ್ಡಿಲ್ಲ. ಮೈದಾನದ ಎರಡೂ ತುದಿಗೆ ಸೇರಿ ಎಂಟು ಕಂಬ ಬೇಕು. ಪ್ರತಿ ಭಾನುವಾರ ಎಂಟು ಮನೆಗಳಿಂದ ಬಟ್ಟೆ ಒಣಹಾಕುವ ಬಿದಿರಿನ ಕೋಲು ಕಳಚಿ ತಂದು ನೆಡುತ್ತಿದ್ದರಂತೆ. ಸಂಜೆಯೊಳಗೆ ತಿರುಗಿ ಕೊಡಬೇಕು, ಮುರಿಯುವಂತಿಲ್ಲ. ಅವರ ಹೆಂಡತಿ ಬದುಕಿರುವವರೆಗೂ ಭಾನುವಾರ ಬಟ್ಟೆ ಒಗೆದವರಲ್ಲ. ಬೇಸ್‌ಬಾಲಿನವರು ಅಟ್ಟಿದರು, ಪೊಲೀಸರು ವಿಚಾರಿಸಿದರು, ಪೇಪರಿನವರು ಒಮ್ಮೆ ಬಂದು ಫೋಟೋ ಹಿಡಿದು ರಗ್ಬಿ ಎಂದು ಬರೆದರು. ಈಗ ಲೀಗಿನಲ್ಲಿ ಆರು ತಂಡಗಳಿವೆ, ಜೆರ್ಸಿಗಳಿವೆ, ಪ್ಲಾಸ್ಟಿಕ್ ಕಂಬಗಳಿವೆ. ಆ ಏಳು ಜನರಲ್ಲಿ ಮೈದಾನಕ್ಕೆ ಇಳಿಯುವವರು ಇವರೊಬ್ಬರೇ ಉಳಿದಿದ್ದರು.

ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು, ಕುರಾತಾ-ಸಾನ್ ಅವರ ನೂರೈವತ್ತು. ಈ ಆಟದಲ್ಲಿ ಒಂದು ಪದ್ಧತಿಯಿದೆ. ಒಬ್ಬ ಆಟಗಾರ ತನ್ನ ಐವತ್ತನೆಯ, ನೂರನೆಯ, ನೂರೈವತ್ತನೆಯ ಪಂದ್ಯ ಆಡುವ ದಿನ ಮೈದಾನದ ಬಾಗಿಲಲ್ಲಿ ಬಣ್ಣದ ಕಾಗದದ ದೊಡ್ಡ ಪರದೆ ಎತ್ತಿ ಹಿಡಿಯುತ್ತಾರೆ. ಅವನು ಅದನ್ನು ಎದೆಯಿಂದ ಹರಿದುಕೊಂಡು ಒಳಗೆ ಓಡಬೇಕು. ಆಟ ಮುಗಿದ ಮೇಲೆ ಎರಡೂ ತಂಡದವರು ಸೇರಿ ಅವನನ್ನು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಾರೆ. ನಮ್ಮ ಲೀಗಿನಲ್ಲಿ ವರ್ಷಕ್ಕೆ ಆಗುವುದೇ ನಾಲ್ಕೈದು ಪಂದ್ಯ. ನೂರೈವತ್ತು ಆಡಿದವರು ಯಾರೂ ಇರಲಿಲ್ಲ. ಕುರಾತಾ-ಸಾನ್ ಅವರ ಲೆಕ್ಕದಲ್ಲಿ ಮೇ ತಿಂಗಳದ್ದು ನೂರನಲವತ್ತೇಳು, ಜೂನಿನದು ನೂರನಲವತ್ತೆಂಟು. ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು. ಆಮೇಲೆ ಮಂಡಿ ಕೊಯ್ದು ಲೋಹ ಕೂರಿಸುವುದೆಂದು ಡಾಕ್ಟರು ಹೇಳಿಯಾಗಿತ್ತು. ನಿಜಕ್ಕೂ ಹಿಂದಿನ ವರ್ಷವೇ ಆಟ ಬಿಡಬೇಕಿತ್ತಂತೆ. ಈ ಎರಡು ಪಂದ್ಯಕ್ಕಾಗಿ ನೋವು ತಿನ್ನುತ್ತಿದ್ದರು.

"ನೀನು ಕಂಪ್ಯೂಟರ್‌ನಲ್ಲಿ ಜಾಣೆ ಅಂತೆ," ಎಂದ ಬ್ರೆಟ್. ಅವನು ತಂಡದ ಅಧ್ಯಕ್ಷ, ಇಂಗ್ಲಿಷ್ ಕಲಿಸಲು ಬಂದು ಹತ್ತು ಹನ್ನೊಂದು ವರ್ಷದಿಂದ ಇಲ್ಲೇ ಉಳಿದ ಆಸ್ಟ್ರೇಲಿಯಾದವನು. "ನಮ್ಮ ಹಳೇ ಪುಸ್ತಕಗಳನ್ನೆಲ್ಲ ಒಂದು ಶೀಟಿಗೆ ಹಾಕಿಕೊಡ್ತೀಯಾ?"

ಜೂನಿನ ಮಳೆ ಹಿಡಿದಾಗ ಕುರಾತಾ-ಸಾನ್ ತಾವೇ ಮನೆಗೆ ಬಂದು ಹನ್ನೊಂದು ನೋಟ್‌ಬುಕ್ ಕೊಟ್ಟುಹೋದರು. ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಮಗುವನ್ನು ಒಪ್ಪಿಸುವವರ ಹಾಗೆ ಎರಡೂ ಕೈಯಲ್ಲಿ. ಪುಟಕ್ಕೊಂದು ಪಂದ್ಯ: ದಿನ, ಹವೆ, ನಮ್ಮ ತಂಡದಲ್ಲಿ ಆಡಿದವರ ಹೆಸರು, ಅಂಕ. ನಾನು ಹೊಸ ಪುಸ್ತಕದಿಂದ ಹಿಂದಕ್ಕೆ ಹೊರಟೆ, ಏಕೆಂದರೆ ಹಳೆಯವು ಪೆನ್ಸಿಲಿನಲ್ಲಿದ್ದವು, ಕಣ್ಣಿಗೆ ಕಷ್ಟ. ಕಾಂಜಿ ಅಕ್ಷರಗಳನ್ನು ಫೋನಿಗೆ ತೋರಿಸಿ ಓದಿಸಿಕೊಳ್ಳುತ್ತಾ ಒಂದು ತಿಂಗಳು ಕೂತೆ. ಕಿಟಕಿಯ ಹೊರಗೆ ಮಳೆ, ಒಳಗೆ ಒಣಗದ ಬಟ್ಟೆ, ನನ್ನ ಮುಂದೆ ಕೆಲಸ. ಜಪಾನಿಗೆ ಬಂದ ಮೇಲೆ ಅಷ್ಟು ಸುಖವಾಗಿ ನಾನು ಇದ್ದದ್ದಿಲ್ಲ.

ಕಾಗದದ ಪರದೆಯ ಕೆಲಸವನ್ನೂ ನಾನೇ ಕೇಳಿ ಪಡೆದೆ. ನೀಲಿ, ಹಳದಿ ಕ್ರೇಪ್ ಕಾಗದ ತಂದು, ನೆಲದ ಮೇಲೆ ಹಾಸಿ, ಹಿಂದಿನಿಂದ ಅಂಟುಪಟ್ಟಿ ಹಚ್ಚಿ ಜೋಡಿಸಿದೆ. ನಡುವೆ ನನ್ನ ಎತ್ತರಕ್ಕೆ ಬಿಳಿಯ ಅಂಕೆಗಳು, 150. ರಘು ಗೋಡೆಗೆ ಆತುಕೊಂಡು ಅದನ್ನು ದಾಟಬೇಕಾಗಿತ್ತು. "ಇದರ ಮೇಲೆ ಕಾಲಿಟ್ರೆ ಡೈವೋರ್ಸ್" ಎಂದು ಹೆದರಿಸಿದ್ದೆ.

ಜುಲೈಯ ಒಂದು ಮಧ್ಯಾಹ್ನ ಕಡೆಯ ನೋಟ್‌ಬುಕ್, ಅಂದರೆ ಮೊಟ್ಟಮೊದಲಿನದು, ಮುಗಿಯಿತು. ಮೊತ್ತ ಹಾಕಿದೆ. ಕುರಾತಾ ಹೆಸರಿನ ಮುಂದೆ ಬಂದದ್ದು ನೂರಮೂವತ್ತೊಂಬತ್ತು. ಮತ್ತೆ ಹಾಕಿದೆ. ಅದೇ. ಮೊದಲ ಎರಡು ವರ್ಷಗಳಲ್ಲಿ ಒಂಬತ್ತು ಪಂದ್ಯಗಳ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬೇರೆಯವರದೆಲ್ಲ ಇತ್ತು. ನನ್ನ ಮೈ ಜುಮ್ಮೆಂದಿತು. ದುಃಖಕ್ಕಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಸಂತೋಷ. ಆರು ವರ್ಷ ನನಗೆ ಸಂಬಳ ತಂದುಕೊಟ್ಟ ಸಂತೋಷ. ನನ್ನ ಕೈಗೆ ತಪ್ಪೊಂದು ಸಿಕ್ಕಿತ್ತು.

ಆ ಅಂಕಣಕ್ಕೆ ಕೆಂಪು ಬಣ್ಣ ಬಳಿದೆ. ಪಕ್ಕದಲ್ಲಿ ಟಿಪ್ಪಣಿ ಬರೆದೆ: ಹೇಳಿಕೊಂಡಿರುವುದು 148, ನಿಜವಾದದ್ದು 139, ವ್ಯತ್ಯಾಸ 9, ತೀವ್ರತೆ ಹೈ, ದಯವಿಟ್ಟು ಪರಿಶೀಲಿಸಿ. ಕೆಳಗೆ ಒಂಬತ್ತು ಪುಟಗಳ ಫೋಟೋ. ಬ್ರೆಟ್ ಹೆಸರು, ಕುರಾತಾ-ಸಾನ್ ಹೆಸರು ಸೇರಿಸಿ, ತಂಡದ ಗುಂಪಿನಲ್ಲಿ, ಮೂವತ್ತಕ್ಕೂ ಹೆಚ್ಚು ಜನ ಇರುವ ಗುಂಪಿನಲ್ಲಿ, ಲಿಂಕು ಹಾಕಿದೆ. ಹೀಗೆಯೇ ಮಾಡಬೇಕೆಂದು ನನಗೆ ಕಲಿಸಿದ್ದರು. ತಪ್ಪು ತಪ್ಪೇ, ಅದು ಯಾರದೆಂದು ನೋಡಬಾರದು, ಮುಚ್ಚಿಡಬಾರದು.

ಹತ್ತು ನಿಮಿಷದಲ್ಲಿ ಅವರ ಉತ್ತರ ಬಂತು. 'ವೀಣಾ-ಸಾನ್, ಇಷ್ಟು ಶ್ರದ್ಧೆಯ ಕೆಲಸಕ್ಕೆ ಧನ್ಯವಾದ. ನನ್ನ ಎಣಿಕೆಯಲ್ಲಿ ತಪ್ಪಾಗಿದೆ. ಎಲ್ಲರಿಗೂ ತೊಂದರೆ ಕೊಟ್ಟೆ. ಕ್ಷಮೆ ಇರಲಿ. ಅಕ್ಟೋಬರಿನ ಸಿದ್ಧತೆಗಳನ್ನು ನಿಲ್ಲಿಸಬೇಕಾಗಿ ವಿನಂತಿ.' ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಪಾಪ, ದೊಡ್ಡ ಮನುಷ್ಯ, ಒಪ್ಪಿಕೊಂಡರಲ್ಲ ಎಂದುಕೊಂಡೆ. ಕೆಂಪು ಅಳಿಸಿ ಹಸಿರು ಮಾಡಿ, ಒಂದು ಲೋಟ ಕಾಫಿ ಕುಡಿದೆ.

ಸಂಜೆ ರಘು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತ.

"ಏನ್ ಮಾಡ್ಬಿಟ್ಟೆ ವೀಣಾ?"

"ಏನ್ ಮಾಡ್ದೆ? ಲೆಕ್ಕ ತಪ್ಪಿತ್ತು, ಹೇಳ್ದೆ."

"ಎಲ್ಲರ ಮುಂದೆ ಹಾಕೋ ಮುಂಚೆ ಅವ್ರಿಗೆ ಒಂದ್ ಫೋನ್ ಮಾಡಕ್ಕೆ ಆಗ್ತಿರ್ಲಿಲ್ವಾ? ನನಗಾದ್ರೂ ಹೇಳ್ಬೇಕಿತ್ತು. ಇಲ್ಲಿ ಯಾರೂ ಹಿಂಗೆ ಡೈರೆಕ್ಟಾಗಿ ಗ್ರೂಪಲ್ಲಿ ಹಾಕಲ್ಲ ಕಣೆ. ಮೀಟಿಂಗ್‌ಗೆ ಬರೋ ಮುಂಚೇನೇ ಒಬ್ಬೊಬ್ಬರ ಹತ್ರ ಹೋಗಿ ಮಾತಾಡಿರ್ತಾರೆ. 'ಹೇಳಿಕೊಂಡಿರುವುದು' ಅಂತೆ! ಅವರೇನ್ ಕಳ್ಳರಾ?"

"ಅವರೇ ಥ್ಯಾಂಕ್ಸ್ ಅಂತ ಬರ್ದಿದಾರೆ, ನೋಡು."

"ಅದೇ ನನಗೆ ಭಯ," ಎಂದ ರಘು.

ಆ ವಾರ ಆಫೀಸಿನಲ್ಲಿ ಕುರಾತಾ-ಸಾನ್ ಎಂದಿನ ಹಾಗೆ ಒಹಾಯೋ ಎಂದು ಬೆಳಗಿನ ನಮಸ್ಕಾರ ಹೇಳಿದರಂತೆ, ಎಂದಿನ ಹಾಗೆ ಯಂತ್ರದ ವಿಷಯ ಮಾತಾಡಿದರಂತೆ. ನಾನು ಮೂರು ಸಲ ಫೋನ್ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟೆ. ಏನೆಂದು ಹೇಳುವುದು? ಲೆಕ್ಕ ನನ್ನದು ಸರಿಯೇ ಇತ್ತಲ್ಲ. ಸರಿ ಇರುವವರಿಗೆ ಕ್ಷಮೆ ಕೇಳುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಅದಕ್ಕೇ ಇರಬೇಕು, ಕೇಳಲಿಲ್ಲ.

ಆಗಸ್ಟಿನ ಧಗೆ ಮುಗಿದು ಸೆಪ್ಟೆಂಬರಿನ ಪಂದ್ಯ ಬಂತು. ಅವರು ಆಡಲಿಲ್ಲ. ಮಂಡಿ ಸರಿಯಿಲ್ಲ ಎಂದರು. ಆ ಮಂಡಿ ಯಾವಾಗ ಸರಿಯಿತ್ತು? ನೂರೈವತ್ತು ಸಿಗದ ಮೇಲೆ ಆ ನೋವನ್ನು ಯಾಕೆ ತಿನ್ನಬೇಕು ಎಂದು ಅವರು ಹೇಳಲಿಲ್ಲ, ನಮ್ಮಲ್ಲಿ ಯಾರೂ ಕೇಳಲೂ ಇಲ್ಲ. ತಂಡದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರ ಕಾಲ ಬುಡದಲ್ಲಿ ಕೂತು ಆಟ ಕಲಿತವರು. 'ಹೋಗ್ಲಿ ಬಿಡಿ ಕುರಾತಾ-ಸಾನ್, ನಮಗೆ ನಿಮ್ಮ ಲೆಕ್ಕವೇ ಲೆಕ್ಕ, ಬನ್ನಿ' ಎಂದು ಒಬ್ಬನಾದರೂ ಹೇಳಬಹುದಿತ್ತು. ಜಪಾನಿನವರು ಮರ್ಯಾದೆಗೆಂದು ಸುಮ್ಮನಾದರು, ಆಸ್ಟ್ರೇಲಿಯಾದವರು ರೂಲ್ಸ್ ಎಂದು ಸುಮ್ಮನಾದರು. ತಪ್ಪು ಎತ್ತಿ ತೋರಿಸುವುದಕ್ಕೆ ಹೊರಗಿನವಳು ಒಬ್ಬಳು ಇದ್ದೇ ಇದ್ದಳಲ್ಲ, ಎಲ್ಲರಿಗೂ ಅನುಕೂಲವಾಯಿತು.

ಅಕ್ಟೋಬರಿಗೆ ಬ್ರೆಟ್ ಮನೆಗೆ ಬಂದ. ಅವನದು ಐವತ್ತನೆಯ ಪಂದ್ಯವಂತೆ.

"ಆ ಪರದೆ ಇದೆಯಲ್ಲ, ಒಂದನ್ನ ಒಳಗೆ ಮಡಚಿಬಿಟ್ಟರೆ ಐವತ್ತಾಗುತ್ತೆ," ಎಂದ. "ಕುರಾತಾ-ಸಾನ್‌ನ ಕೇಳಿದೆ. ಒಳ್ಳೆಯ ಯೋಚನೆ ಅಂದರು."

ಅವನು ಕೆಟ್ಟವನಲ್ಲ. ವೇಸ್ಟ್ ಆಗುತ್ತದಲ್ಲ ಎಂಬ ಉಳಿತಾಯದ ಬುದ್ಧಿ ಅಷ್ಟೇ. ಬಾಲ್ಕನಿಯಲ್ಲಿ ಇಟ್ಟಿದ್ದೆ, ಹೋದ ವಾರದ ಬಿರುಗಾಳಿ ಮಳೆಗೆ ನೆನೆದು ಹಾಳಾಯಿತು ಎಂದೆ. ಪರದೆ ನನ್ನ ಬೆನ್ನ ಹಿಂದಿನ ಗೋಡೆಗೂಡಿನಲ್ಲೇ ಸುರುಳಿ ಸುತ್ತಿ ನಿಂತಿತ್ತು. ಆ ವರ್ಷ ನಾನು ಹೇಳಿದ ಒಂದೇ ಸುಳ್ಳು ಅದು. ಅದೊಂದೇ ನನಗೆ ಸರಿಯಾದ ಮಾತು ಅನ್ನಿಸುವುದು.

ಅಕ್ಟೋಬರಿನ ಆ ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ನಾನು ನನ್ನ ಬಿಳಿ ಕೋಟು ಹಾಕಿಕೊಂಡು ಗೋಲಿನ ಹಿಂದೆ ನಿಂತೆ. ತಲೆಯೆತ್ತಿ ನೋಡಿದರೆ ಮೈದಾನದ ಆ ತುದಿಯಲ್ಲಿ ಇನ್ನೊಂದು ಬಿಳಿ ಕೋಟು. ಕುರಾತಾ-ಸಾನ್ ಬಾವುಟ ಹಿಡಿದು ನಿಂತಿದ್ದರು. ಆಟ ಮುಗಿಯುವ ತನಕ ನಾವಿಬ್ಬರೂ ಎದುರುಬದುರು. ಅಲ್ಲಿ ಗೋಲಾದರೆ ಅವರು ಎರಡು ಬಾವುಟ ಬೀಸುತ್ತಿದ್ದರು. ಪದ್ಧತಿಯ ಪ್ರಕಾರ ನಾನೂ ಇಲ್ಲಿಂದ ಎರಡು ಬೀಸಿ, ಗೊತ್ತಾಯಿತು, ಬರೆದುಕೊಂಡೆ ಎಂದು ತಿಳಿಸಬೇಕು. ಇಲ್ಲಿ ಗೋಲಾದರೆ ನಾನು ಬೀಸಬೇಕು, ಅವರು ಅಲ್ಲಿಂದ ಬೀಸಬೇಕು. ಆ ದಿನ ಹದಿನೇಳು ಸಲ ನಾವು ಹಾಗೆ ಒಬ್ಬರಿಗೊಬ್ಬರು ಒಪ್ಪಿಗೆ ಕೊಟ್ಟುಕೊಂಡೆವು. ಒಂದು ಸಲವೂ ಅಂಕ ತಪ್ಪಲಿಲ್ಲ. ಕೊನೆಗೆ ಬ್ರೆಟ್‌ನನ್ನು ಹೆಗಲ ಮೇಲೆ ಹೊತ್ತರು. ಕುರಾತಾ-ಸಾನ್ ಕೋಟು ಬಿಚ್ಚಿ ಮಡಚಿ, ಕುಂಟುತ್ತಾ ಬಂದು ಅವನ ಒಂದು ಕಾಲಿಗೆ ತಾವೂ ಕೈಯಾಸರೆ ಕೊಟ್ಟರು.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು, ಮಾರ್ಚಿನಲ್ಲಿ ನಿವೃತ್ತಿ. ಕಾವಾಸಾಕಿಯ ಮನೆ ಬಿಟ್ಟು ಒಕಾಜಾಕಿಗೆ, ಮಗಳ ಮನೆಗೆ ಹೋದರು. ನಾನು ಭಾನುವಾರದ ಆಟಕ್ಕೆ ಹೋಗುವುದನ್ನು ನಿಲ್ಲಿಸಿದ್ದೆ. ಯಾರೂ ನನ್ನೊಡನೆ ಜಗಳವಾಡಲಿಲ್ಲ. ಮೊದಲಿಗಿಂತ ಹೆಚ್ಚು ಬಗ್ಗಿ ನಮಸ್ಕರಿಸುತ್ತಿದ್ದರು, ನಾನು ಹತ್ತಿರ ಹೋದರೆ ಮಾತು ಹವೆಯ ಕಡೆಗೆ ತಿರುಗುತ್ತಿತ್ತು. ಅಂಥ ಮರ್ಯಾದೆಯನ್ನು ಎಷ್ಟು ದಿನ ತಡೆದುಕೊಳ್ಳುವುದು?

ಏಪ್ರಿಲಿನ ಮೊದಲ ಪಂದ್ಯಕ್ಕೆ ಬಾವುಟ ಹಿಡಿಯಲು ಯಾರೂ ಸಿಗಲಿಲ್ಲವೆಂದು ರಘು ಬೇಡಿಕೊಂಡ, ಹೋದೆ. ಆ ದಿನ ಯೊಕೊಹಾಮಾ ತಂಡದ ಜೊತೆ ಡೆನಿಸ್ ಎಂಬ ಮುದುಕ ಬಂದಿದ್ದ. ಆ ತಂಡ ಕಟ್ಟಿದವನು, ಜಪಾನಿನಲ್ಲೇ ಜೀವನ ಕಳೆದವನು, ಮರುದಿನ ಆಸ್ಟ್ರೇಲಿಯಾಕ್ಕೆ ಶಾಶ್ವತವಾಗಿ ಹೊರಟಿದ್ದ. ಕುರಾತಾನ ನೂರೈವತ್ತಕ್ಕೆ ತನ್ನನ್ನು ಯಾಕೆ ಕರೆಯಲಿಲ್ಲ ಎಂದು ನನ್ನನ್ನೇ ಗದರಿಸಿದ. ಒಂಬತ್ತು ಪಂದ್ಯ ಕಡಿಮೆ ಬಿದ್ದವು, ಮೊದಲೆರಡು ವರ್ಷ ಅವರು ಕೆಲವು ಸಲ ಬಂದಿರಲಿಲ್ಲ ಎಂದೆ.

"ಬಂದಿರಲಿಲ್ಲವಾ?" ಎಂದ ಡೆನಿಸ್. "ಆಗ ಇದ್ದದ್ದೇ ಎರಡು ತಂಡ. ಅವನ ಕಡೆ ಅಷ್ಟರಲ್ಲಿ ಇನ್ನಿಬ್ಬರು ಸೇರಿ ಒಂಬತ್ತು ಜನ, ನಮ್ಮ ಕಡೆ ಏಳು. ಏಳು ಜನ ಇಟ್ಟುಕೊಂಡು ಆಡಲ್ಲ, ತಂಡ ಮುಚ್ಚುತ್ತೇನೆ ಅಂದೆ. ಅವನು ಏನೂ ಹೇಳಲಿಲ್ಲ, ನಮ್ಮ ಜೆರ್ಸಿ ಹಾಕ್ಕೊಂಡ. ಎರಡು ವರ್ಷ ಹಾಗೆ, ನಮಗೆ ಜನ ಕಡಿಮೆ ಬಿದ್ದಾಗೆಲ್ಲ. ತನ್ನ ತಂಡಕ್ಕೇ ಗೋಲು ಹೊಡೆಯೋದು, ಆಮೇಲೆ ಆ ಕಡೆ ಹೋಗಿ ತಾನೇ ಕೂತು ಪುಸ್ತಕ ಬರೆಯೋದು. ಅವನು ಹಾಗೆ ಮಾಡದಿದ್ದರೆ ಈ ಲೀಗೇ ಇರ್ತಿರಲಿಲ್ಲ. ಯಾವ ಜೆರ್ಸಿ ಆದರೇನು, ಪಂದ್ಯ ಪಂದ್ಯವೇ ಅಲ್ಲವಾ?"

ಮನೆಗೆ ಬಂದು ಆ ಒಂಬತ್ತು ಪುಟಗಳ ಫೋಟೋ ತೆರೆದೆ. ಪೆನ್ಸಿಲಿನ ಅಕ್ಷರ ಒಂಬತ್ತರಲ್ಲೂ ಒಂದೇ. ಅದು ಕುರಾತಾ-ಸಾನ್ ಅವರದು. ಹನ್ನೊಂದು ಪುಸ್ತಕ ಓದಿದ ನನಗೆ ಆ ಅಕ್ಷರ ನನ್ನ ಅಕ್ಷರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಮೈದಾನಕ್ಕೇ ಬಾರದ ಮನುಷ್ಯ ಆ ದಿನದ ಹವೆಯನ್ನು, ಯಾರು ಎಷ್ಟು ಹೊಡೆದರೆಂಬುದನ್ನು ಬರೆದದ್ದು ಹೇಗೆ? ಇಷ್ಟು ಸಣ್ಣ ಪ್ರಶ್ನೆ. ಆರು ವರ್ಷದ ಟೆಸ್ಟರಿಗೆ ಹೊಳೆಯಲಿಲ್ಲ. ಹೆಸರು ಮಾತ್ರ ಹುಡುಕಿದ್ದೆ, ಕೈಬರಹ ನೋಡಿರಲಿಲ್ಲ.

ಶೀಟು ತೆರೆದು 139 ಅಳಿಸಿ 148 ಮಾಡಿದೆ. ತಿದ್ದಿದ ಮೇಲೂ ಅದು ನೂರೈವತ್ತಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಗುಂಪಿನಲ್ಲಿ ಏನೂ ಬರೆಯಲಿಲ್ಲ. ಬರೆಯಬೇಕೆಂದು ಗೊತ್ತಿತ್ತು. ತಪ್ಪನ್ನು ಮೂವತ್ತು ಜನರ ಮುಂದೆ ಹಿಡಿದು ತೋರಿಸಿದವಳು, ತಿದ್ದುಪಡಿಯನ್ನು ಮಾತ್ರ ಕದ್ದು ಮಾಡಿದೆ. ಇವತ್ತಿನವರೆಗೆ ಆ ಸಂಖ್ಯೆ ಬದಲಾದದ್ದನ್ನು ಯಾರೂ ಗಮನಿಸಿದ ಹಾಗಿಲ್ಲ.

ಮೇ ತಿಂಗಳಲ್ಲಿ ಅಮ್ಮ ಮೈಸೂರಿನಿಂದ ಕಳಿಸಿದ ನೀಲಗಿರಿ ಎಣ್ಣೆಯ ಒಂದು ಬಾಟಲಿ, ಸುರುಳಿ ಸುತ್ತಿದ ಪರದೆ, ಎರಡನ್ನೂ ಹಿಡಿದು ಒಕಾಜಾಕಿಯ ರೈಲು ಹತ್ತಿದೆ. ಜಪಾನೀ ಭಾಷೆಯಲ್ಲಿ ಕ್ಷಮೆ ಕೇಳುವುದಕ್ಕೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ವಾಕ್ಯವನ್ನು ಬರೆಸಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಕೋಲೂರಿಕೊಂಡು ಬಾಗಿಲಿಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಯಿಪಾಠ ಶುರು ಮಾಡುವಷ್ಟರಲ್ಲಿ ಟೀ ಬಂತು, ಮಗಳು ಬಂದರು, ರಘುವಿನ ಆರೋಗ್ಯ ಬಂತು, ಮಳೆ ಈ ಸಲ ಬೇಗ ಎಂಬ ವಿಷಯ ಬಂತು. ಮಗಳು ಒಳಗೆ ಹೋದಾಗ ಡೆನಿಸ್ ಹೇಳಿದ್ದನ್ನು ಹೇಳಿಬಿಟ್ಟೆ. ಕುರಾತಾ-ಸಾನ್ ಲೋಟ ಕೆಳಗಿಟ್ಟರು.

"ಆ ವರ್ಷ ನಾವು ಎಲ್ಲ ಪಂದ್ಯ ಸೋತೆವು," ಎಂದರು. "ಎರಡೂ ಕಡೆಯಿಂದ."

"ನೀವು ಯಾಕೆ ಹೇಳಲಿಲ್ಲ? ಒಂದು ಸಾಲು ಬರೆದಿದ್ದರೆ ಸಾಕಿತ್ತು."

"ಎಲ್ಲರ ಮುಂದೆ ಬರೆಯಬೇಕಾಗುತ್ತಿತ್ತು. ನೀವು ಆಗ ತಾನೇ ಬಂದಿದ್ದಿರಿ. ಹೋಗುವುದಕ್ಕೆ ನಿಮಗೆ ಇದ್ದದ್ದು ಅದೊಂದೇ ಜಾಗ. ನಾಚಿಕೆಪಟ್ಟು ಭಾನುವಾರ ಬರುವುದನ್ನು ನಿಲ್ಲಿಸಿಬಿಡುತ್ತೀರಿ ಅನ್ನಿಸಿತು."

ನಾನು ಆಗಲೇ ನಿಲ್ಲಿಸಿದ್ದೇನೆ ಎಂದು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಪರದೆ ಬಿಚ್ಚಿದೆ. ಅವರಿಗೆ ಅದು ಹಾಳಾಗಿಲ್ಲವೆಂದು ಆಶ್ಚರ್ಯವಾಯಿತೋ ಇಲ್ಲವೋ ಗೊತ್ತಿಲ್ಲ. "ಒಂದು ಸಲ ನೋಡೋಣ," ಎಂದರು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಕೋಲಿತ್ತು, ಅದಕ್ಕೆ ಇಬ್ಬರೂ ಸೇರಿ ಕ್ಲಿಪ್ಪು ಹಾಕಿದೆವು. ನೀಲಿ, ಹಳದಿ, ನಡುವೆ 150. ಗಾಳಿಗೆ ಉಬ್ಬಿತು. ಕುರಾತಾ-ಸಾನ್ ಅದರ ಎದುರು ಹೋಗಿ ನಿಂತರು. ನನ್ನ ಬುದ್ಧಿ ಎಂಥದ್ದೆಂದು ಇಲ್ಲಿ ಹೇಳಿಬಿಡಬೇಕು: ಅವರು ಈಗ ಅದನ್ನು ಹರಿದುಕೊಂಡು ಆ ಕಡೆ ನಡೆಯುತ್ತಾರೆ, ನಾನು ಚಪ್ಪಾಳೆ ತಟ್ಟುತ್ತೇನೆ, ಇಬ್ಬರೂ ಅಳುತ್ತೇವೆ, ಎಲ್ಲ ಸರಿಹೋಗುತ್ತದೆ ಎಂದು ಕಾದೆ. ಅವರು ಕೈ ಚಾಚಿ, ಸೊನ್ನೆಯ ಅಂಚಿನಲ್ಲಿ ಮೇಲೆದ್ದಿದ್ದ ಕಾಗದವನ್ನು ಬೆರಳಿನಿಂದ ಒತ್ತಿ ಕೂರಿಸಿದರು.

"ತುಂಬ ಚೆನ್ನಾಗಿ ಮಾಡಿದ್ದೀರಿ," ಎಂದರು. "ಒಳ್ಳೆಯ ದಿನ ಬಂದಿರಿ. ನಾಳೆ ಇಲ್ಲಿ ಹಳೆ ಕಾಗದ ಒಯ್ಯುವ ದಿನ."

ಇಳಿಸಿ ಜಗುಲಿಯ ಮೇಲೆ ಹಾಸಿದೆವು. ಅಂಟುಪಟ್ಟಿ ಕಾಗದವಲ್ಲ, ಅದು ಪ್ಲಾಸ್ಟಿಕ್. ಬೇರೆ ಚೀಲ, ಬೇರೆ ದಿನ. ಹಾಗೇ ಹಾಕಿದರೆ ಅಕ್ಕಪಕ್ಕದವರಿಗೆ ತೊಂದರೆ. ಹಾಗಾಗಿ ಒಂದು ಗಂಟೆ ಇಬ್ಬರೂ ಎದುರುಬದುರು ಕೂತು ನಾನು ಹಚ್ಚಿದ ಅಂಟುಪಟ್ಟಿಯನ್ನೆಲ್ಲ ಕಿತ್ತೆವು. ಬಿಡದ ಕಡೆ ಅವರು ನಾನು ತಂದ ಬಾಟಲಿ ತೆರೆದು, ಬಟ್ಟೆಗೆ ಎರಡು ಹನಿ ಹಾಕಿ ಒರೆಸಿದರು. ಅಂಟು ಸುಲಭವಾಗಿ ಬಿಟ್ಟುಬಂತು.

"ಈ ಮಂಡಿ ಈಗ ಲೋಹ. ಇದಕ್ಕೆ ಎಣ್ಣೆ ಬೇಡ," ಎಂದರು. "ಆದರೆ ಅಂಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೆಲ್ಬರ್ನ್‌ನಲ್ಲಿ ಕಲಿತದ್ದು."

ಮೊದಲು ಒಂದು ಹೋಯಿತು, ಆಮೇಲೆ ಐದು, ಕೊನೆಗೆ ಸೊನ್ನೆ. ಎಲ್ಲವನ್ನೂ ಒಂದೇ ಅಳತೆಗೆ ಮಡಚಿ, ದಾರದಿಂದ ಅಡ್ಡ ಉದ್ದ ಕಟ್ಟಿ, ಗಂಟು ಹಾಕಿ, ಬಾಗಿಲ ಪಕ್ಕದಲ್ಲಿ ಇಟ್ಟರು.

ಗೇಟಿನ ತನಕ ಬಂದರು. ನನ್ನ ವಾಕ್ಯ ಇನ್ನೂ ಬಾಯಲ್ಲೇ ಇತ್ತು. ಆದರೆ ಅವರೇ ಮೊದಲು ಕೋಲನ್ನು ಗೋಡೆಗೆ ಒರಗಿಸಿ, ಮಡಚಲಾಗದ ಆ ಕಾಲನ್ನು ಒಂದಿಷ್ಟು ಹಿಂದಕ್ಕಿಟ್ಟು, ಸೊಂಟದಿಂದ ಪೂರ್ತಿ ಬಗ್ಗಿದರು.

"ನನ್ನಿಂದಾಗಿ ಇಷ್ಟು ದೂರ ಬರುವ ಹಾಗಾಯಿತು, ವೀಣಾ-ಸಾನ್. ಸುಮಿಮಾಸೆನ್, ಕ್ಷಮಿಸಿ."

ಬಗ್ಗಿದವರು ಏಳಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅವರನ್ನು ಹಾಗೆ ನೋಡಲಾಗದೆ, ಬಾಯಿಪಾಠವೆಲ್ಲ ಮರೆತು, ಪರವಾಗಿಲ್ಲ ಎಂದೆ.